ಹಾಲ್‌ನ ಕ್ಯಾಮೆರಾ

ತೊಕ್ಕೊಟ್ಟು, ಭಾನುವಾರ

ಪ್ರೀತಿಯ ಪಪ್ಪನಿಗೆ,

ನೀವು ಮಸ್ಕತ್‌ನಿಂದ ಕಳಿಸಿದ ಗೇಮ್ ಬಾಕ್ಸ್‌ನಲ್ಲಿ ಅಮ್ಮ ದಿನಾ ಡ್ಯಾನ್ಸ್ ಆಟ ಆಡುತ್ತಿದ್ದರು. ಮೊನ್ನೆ ಫೋನಿನಲ್ಲಿ ನೀವು, "ನೈಟಿಯಲ್ಲಿ ಎಂತ ಕುಣಿತ ಅದು?" ಎಂದು ಅವರನ್ನು ಗದರಿದಿರಿ. ಅಮ್ಮ ಕುಣಿಯುವುದನ್ನು ನಾವು ಯಾರಿಗೂ ಹೇಳಿರಲಿಲ್ಲ. ನೋಡಿದರೆ, ಕುಣಿತ ಗುರುತಿಸಲು ಟಿವಿ ಮೇಲೆ ಇಡುವ ಅದರ ಕ್ಯಾಮೆರಾವನ್ನು ಕಳಿಸುವಾಗಲೇ ನಿಮ್ಮ ಮೊಬೈಲಿಗೆ ಜೋಡಿಸಿಟ್ಟಿದ್ದೀರಿ. ಅಂದಿನಿಂದ ಅಮ್ಮ ಹಾಲ್‌ಗೆ ಬರದೆ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದಾರೆ.

ಕ್ಯಾಮೆರಾ ಬಿಚ್ಚಿ, ನಾಡಿದ್ದು ಅಲ್ಲಿಗೆ ಹೊರಟಿರುವ ಮೋಕ್ಷಿತ್ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮನ್ನು ನೋಡಬೇಕೆನಿಸಿದರೆ ವಿಡಿಯೋ ಕಾಲ್ ಮಾಡಿ. ಎತ್ತುವುದು ಬಿಡುವುದು ನಮಗೆ ಸೇರಿದ್ದು. ಬೈಯುವುದಿದ್ದರೆ ನನಗೆ ಬೈಯಿರಿ, ಅಮ್ಮನಿಗಲ್ಲ.

ಇಷ್ಟನ್ನು ಅಮ್ಮನಿಗೆ ಓದಿ ಹೇಳಿದೆ. ಅವರು, "ನನ್ನ ಹೆಸರು ಬಿಟ್ಟದ್ದು ಎಂತಕ್ಕೆ ಮಾರಾಯ್ತಿ? ಪೆನ್ ಕೊಡು" ಎಂದರು.

ನಿಮ್ಮ ಮಗಳು ತೃಪ್ತಿ
ಹರಿಣಾಕ್ಷಿ