ಮುಂದಿನ ವರ್ಷ ಅಂದದ್ದು ಯಾರು

ಹೊಳೆನರಸೀಪುರ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಮಗಳು ಶೋಭಿತಾಗೆ,

ನಿನ್ನಪ್ಪನ ಆಶೀರ್ವಾದಗಳು. ನಾನು, ನಿಮ್ಮಮ್ಮ, ಕೀರ್ತಿ ಮೂವರೂ ಸೌಖ್ಯವಾಗಿದ್ದೇವೆ. ಹಾಸ್ಟೆಲಿನ ಊಟ ಸೇರುತ್ತಿಲ್ಲ ಅಂದಿದ್ದೆಯಲ್ಲ, ಈಗ ಹೇಗೆ? ಈ ಕಾಗದ ನಾಲ್ಕು ದಿನದ ಹಿಂದೆಯೇ ಬರೆಯಬೇಕಿತ್ತು. ಎರಡು ಸಲ ಕೂತು ಬರೆದು ಹರಿದು ಹಾಕಿದೆ, ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನ್ ಇರುವಾಗ ಅಪ್ಪ ಯಾಕೆ ಕಾಗದ ಬರೆದ ಅಂತ ಗಾಬರಿಯೂ ಬೇಡ. ಸೇನೆಯಲ್ಲಿ ಹದಿನೇಳು ವರ್ಷ ಲಾರಿ ಓಡಿಸಿದವನು ನಾನು. ಮನೆಗೆ ಹೇಳಬೇಕಾದ ಕಷ್ಟದ ಮಾತನ್ನೆಲ್ಲ ಕಾಗದದಲ್ಲೇ ಹೇಳಿ ಅಭ್ಯಾಸ. ಫೋನಿನಲ್ಲಿ ನೀನು "ಹೂಂ ಅಪ್ಪ" ಅಂದರೆ ನನ್ನ ಮಾತು ಅಲ್ಲಿಗೇ ನಿಂತುಬಿಡುತ್ತದೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಈ ಮೂರು ವಾರ ನಾನು ನಿನ್ನ ಮೇಲೆ ಅನುಮಾನಪಟ್ಟೆ.

ಆಫೀಸರ್ ಆಯ್ಕೆಯ ಪಟ್ಟಿಯಲ್ಲಿ ನಿನ್ನ ಹೆಸರು ಬಂತು. ಅಕ್ಟೋಬರ್ ಮೊದಲ ವಾರ ಚೆನ್ನೈನ ಅಕಾಡೆಮಿಗೆ ಬಂದು ಸೇರು ಅಂತ ಪತ್ರವೂ ಬಂತು. ಡಿಗ್ರಿ ಎರಡನೇ ವರ್ಷದಿಂದ ಇದಕ್ಕೋಸ್ಕರವೇ ಬೆಳಿಗ್ಗೆ ಐದಕ್ಕೆ ಎದ್ದು ಓಡಿದವಳು ನೀನು. ಅಂಥವಳು ಗೌರಿಹಬ್ಬಕ್ಕೆ ಬಂದು, ತಟ್ಟೆ ಮುಂದೆ ಕೂತು, "ಅಪ್ಪ, ಈ ಸಲ ಬೇಡ. ಎಂ.ಎಸ್ಸಿ. ಮುಗಿಸ್ಕೊಂಡು ಮುಂದಿನ ವರ್ಷ ನೋಡ್ತೀನಿ" ಅಂದೆ. ಈ ವರ್ಷದ ಪಟ್ಟಿ ಈ ವರ್ಷಕ್ಕೆ ಮುಗಿಯಿತು, ಮತ್ತೆ ಪರೀಕ್ಷೆ, ಮತ್ತೆ ಐದು ದಿನದ ಇಂಟರ್‌ವ್ಯೂ. ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆದರೂ ನೀನು ತಲೆ ಎತ್ತಲಿಲ್ಲ. ಸಾರು ಕಲಸುತ್ತಲೇ ಇದ್ದೆ, ತುತ್ತು ಬಾಯಿಗೆ ಹೋಗಲಿಲ್ಲ.

ಆಮೇಲೆ ನನಗೆ ಎಲ್ಲದರಲ್ಲೂ ಅದೇ ಕಾಣಿಸತೊಡಗಿತು. ನಾನು ಒಳಗೆ ಬಂದರೆ ನೀನೂ ನಿಮ್ಮಮ್ಮನೂ ಮಾತು ನಿಲ್ಲಿಸುತ್ತಿದ್ದಿರಿ. ಮೈಸೂರಿನಿಂದ ನೇರವಾಗಿ ಮನೆಗೆ ಬರದೆ ಚನ್ನರಾಯಪಟ್ಟಣಕ್ಕೆ, ನಿನ್ನ ಗೆಳತಿ ಪ್ರೇಕ್ಷಾ ಮನೆಗೆ ಹೋಗಿ ಬಂದಿದ್ದೆ. ಅವಳ ಅಣ್ಣ ಪೃಥ್ವಿರಾಜ್ ಬೈಕಿನಲ್ಲಿ ನಿನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟಿದ್ದನ್ನು ನಮ್ಮ ಬ್ಯಾಂಕಿನ ಕ್ಲರ್ಕ್ ನೋಡಿ ನನಗೆ ಹೇಳಿದರು. ಅಷ್ಟು ಸಾಕಾಯಿತು. ನೀನು ಸ್ನಾನಕ್ಕೆ ಹೋದಾಗ ನಿನ್ನ ಬ್ಯಾಗು ತೆಗೆದು ನೋಡಿದೆ. ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್ ಆಗಿ ನಿಂತೂ ನಿಂತೂ ಎಲ್ಲರ ಬ್ಯಾಗಿನ ಮೇಲೂ ಕಣ್ಣು ಹೋಗುತ್ತದೆ, ನಿಜ. ಮಗಳ ಬ್ಯಾಗು ತೆಗೆಯುವುದಕ್ಕೆ ಆ ನೆಪ ಸಾಲದು. ಅದರಲ್ಲಿ ಬಟ್ಟೆ, ಪುಸ್ತಕ, ಒಂದು ಬಿಸ್ಕತ್ತು ಪೊಟ್ಟಣ ಇತ್ತು, ಅಷ್ಟೇ.

ಹೋದ ಮಂಗಳವಾರ ರಜೆ ಹಾಕಿ ಚನ್ನರಾಯಪಟ್ಟಣಕ್ಕೆ ಹೋದೆ. ಪ್ರೇಕ್ಷಾ ಅವರಪ್ಪನ ತೆಂಗಿನಕಾಯಿ ಮಂಡಿಯಲ್ಲಿ ಕೂತು ಬಿಲ್ ಬರೆಯುತ್ತಿದ್ದಳು. ಕಾಫಿ ತರಿಸಿದಳು. ನಾನು ಆ ಮಾತು ಈ ಮಾತು ಆಡಿ, "ನಿಮ್ಮಣ್ಣ ಎಲ್ಲವ್ನೆ?" ಅಂದೆ. ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು.

"ಅವ್ನಿಗೆ ಕಾರ್ತೀಕದಲ್ಲಿ ಮದ್ವೆ ಅಂಕಲ್. ಇನ್ವಿಟೇಶನ್ ಕೊಡ್ಲಾ?"

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅಷ್ಟರಲ್ಲಿ ಅವಳ ನಗು ನಿಂತಿತು, ಸಿಟ್ಟು ಬಂತು. "ಅವಳು ನಮ್ಮನೇಲಿ ಕೂತ್ಕೊಂಡು ಎಷ್ಟ್ ಅತ್ತಳು ಗೊತ್ತಾ ನಿಮ್ಗೆ? ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡವ್ಳೆ. ನೀವು ಹೊರಗಡೆ ಹುಡುಕ್ಬೇಡಿ ಅಂಕಲ್. ಆಂಟೀನ ಕೇಳಿ. ಇಷ್ಟೇ ನಾನ್ ಹೇಳೋದು."

ಬಸ್ಸಿನಲ್ಲಿ ಬರುವಾಗ ನಿಮ್ಮಮ್ಮನ ಮೇಲೆ ಅನುಮಾನ ಶುರುವಾಯಿತು. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದವಳ ಮೇಲೆ! ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ನನ್ಗೇನ್ ಗೊತ್ತು" ಅಂದಳು. ಮತ್ತೆ ಕೇಳಿದೆ. ಅಕ್ಕಿ ಆರಿಸುತ್ತಿದ್ದ ಮೊರ ಪಕ್ಕಕ್ಕಿಟ್ಟಳು.

"ಹೂಂ ಕಣ್ರೀ, ಹಬ್ಬಕ್ಕೆ ಮುಂಚೆ ಫೋನಲ್ಲಿ ನಾನೇ ಹೇಳ್ದೆ. ಒಂದ್ ವರ್ಷ ತಡಿಯವ್ವ ಅಂದೆ. ಕೀರ್ತಿ ಅಗ್ನಿವೀರ್ ರ್‍ಯಾಲಿಗೆ ಎರಡ್ ಸಲ ಓಡಿ ವಾಪಸ್ ಬಂದವ್ನೆ. ವಯಸ್ಸಾಯ್ತದೆ, ಇದೇ ಅವನ್ಗೆ ಕೊನೇ ಸಲ. ಅಕ್ಕ ಆಫೀಸರ್ ಆಗಿ, ತಮ್ಮ ಜವಾನ್ನೂ ಆಗ್ನಿಲ್ಲ ಅಂದ್ರೆ ಅವ್ನು ಈ ಬೀದಿಲಿ ತಲೆ ಎತ್ಕೊಂಡು ಓಡಾಡಾನಾ? ಓದ್ಸಲ ಬಂದಾಗ ಮೂರ್ ದಿನ ಅನ್ನ ಮುಟ್ನಿಲ್ಲ. ನೀವ್ ಡ್ಯೂಟಿಗೆ ಓಗ್ತಿದ್ರಿ, ನೋಡ್ದೋಳು ನಾನು."

ನಾನು ಬಾಯಿ ತೆರೆಯುವ ಮೊದಲೇ ಹಿಂದೆ ಸದ್ದಾಯಿತು. ನಿನ್ನ ತಮ್ಮ ಬಾಗಿಲಲ್ಲಿದ್ದ. ಓಟ ಮುಗಿಸಿ ಬಂದಿದ್ದ, ಬೂಟು ಕೈಯಲ್ಲಿತ್ತು.

"ಅಂದ್ರೆ ನಾನ್ ಈ ಸಲಾನೂ ಫೇಲಾಯ್ತೀನಿ ಅಂತ ನೀವೆಲ್ಲ ಆಗ್ಲೇ ತೀರ್ಮಾನ ಮಾಡ್ಕಂಡಿದ್ದೀರ" ಅಂದ. ಕೂಗಾಡಲಿಲ್ಲ. ನಿಮ್ಮಮ್ಮ "ಅಂಗಲ್ಲ ಕಣೋ ಮಗ" ಅಂತ ಹಿಂದೆ ಹೋದಳು. ಅವನು ಬೂಟು ಅಲ್ಲೇ ಬಿಟ್ಟು ಅರಕಲಗೂಡಿನ ನಿಮ್ಮತ್ತೆ ಮನೆಗೆ ಹೊರಟುಹೋದ. ಫೋನ್ ಸ್ವಿಚ್ ಆಫ್. ಮೂರು ದಿನ ಬರಲಿಲ್ಲ. ನನಗೆ ಆಗಲೂ ಅನುಮಾನವೇ. ಅವನು ಏನಾದರೂ ಮಾಡಿಕೊಂಡಾನಾ ಅಂತ ಗಂಟೆಗೊಂದು ಸಲ ನಿಮ್ಮತ್ತೆಗೆ ಫೋನ್ ಮಾಡಿದೆ.

ಶುಕ್ರವಾರ ಸಂಜೆ ಬಂದ. ನೇರವಾಗಿ ಬೀರು ತೆಗೆದು, ನೀನು ಸೀರೆಗಳ ಕೆಳಗೆ ಇಟ್ಟುಹೋಗಿದ್ದ ಅಕಾಡೆಮಿಯ ಫಾರಂ ಹುಡುಕಿ ತಂದ. ತಂದೆಯ ಸಹಿ ಮಾಡುವ ಜಾಗ ಖಾಲಿ ಇತ್ತು. ಪೆನ್ನು ನನ್ನ ಮುಂದಿಟ್ಟ.

"ಸೈನ್ ಹಾಕಪ್ಪ. ಅಕ್ಕ ಓಗ್ಲಿ. ನಾನ್ ಓಡೋದು ನನ್ ಕಾಲಲ್ಲಿ."

ಸಹಿ ಹಾಕಿದೆ. ಈ ಕಾಗದದ ಜೊತೆಯೇ ಇಟ್ಟು ನಾಳೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ನಿಮ್ಮಮ್ಮ ಪಕ್ಕದಲ್ಲೇ ನಿಂತಿದ್ದಳು. ತಪ್ಪಾಯಿತು ಅಂತ ಅವಳು ಈವರೆಗೂ ಹೇಳಿಲ್ಲ. "ನಾನ್ ಹೆತ್ತಿರೋದು ಒಬ್ರನ್ನಲ್ಲ" ಅಂದಳು, ಅಷ್ಟೇ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ ಕಣವ್ವ.

ಯಾವಾಗ ಸೇರಬೇಕು ಅನ್ನುವುದು ನಿನಗೆ ಬಿಟ್ಟದ್ದು. ನಿಜವಾಗಿಯೂ ಎಂ.ಎಸ್ಸಿ. ಮುಗಿಸುವ ಆಸೆ ಇದ್ದರೆ ಮುಗಿಸು, ನಾನು ಅಡ್ಡ ಬರುವುದಿಲ್ಲ. ಆದರೆ ಆ ಮಾತು ನಿನ್ನದೇ ಆಗಿರಲಿ. ಯಾರ ಮುಖ ಉಳಿಸುವುದಕ್ಕೂ ನೀನು ನಿಲ್ಲಬೇಡ. ಹೊರಡುವುದಾದರೆ ಹೇಳು, ಚೆನ್ನೈವರೆಗೂ ನಾನೂ ಕೀರ್ತಿಯೂ ಬರುತ್ತೇವೆ. ಪೆಟ್ಟಿಗೆ ಹೊರುತ್ತೀನಿ ಅಂತ ಅವನೇ ಹೇಳಿದ್ದಾನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹೋದ ಕಡೆಯೆಲ್ಲ ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ ಅಪ್ಪ,
ಬೋರಪ್ಪ

ವಿ.ಸೂ.: ಕವರಿಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮಮ್ಮನ ಒಂದು ಮಾತಿಗೆ ನೀನು ಇಷ್ಟು ವರ್ಷದ ಆಸೆ ಬಿಡುವವಳಲ್ಲ. ಪಟ್ಟಿ ಬಂದ ದಿನ, ನೀನೂ ರಜೆಗೆ ಮನೆಗೆ ಬಂದಿದ್ದಾಗ, ಮೊಬೈಲಿನಲ್ಲಿ ನಿನ್ನ ಹೆಸರು ನೋಡಿ ನಾನು ಹಿತ್ತಲಿಗೆ ಹೋಗಿ ಅತ್ತೆನಲ್ಲ, ಸಂತೋಷಕ್ಕೆ ಅಂತ ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಹೇಳಿದೆ. ಅದು ಸುಳ್ಳು. ಆ ಹೆಸರು ಕಂಡ ತಕ್ಷಣ ನನಗೆ ಬಂದ ಮೊದಲ ಯೋಚನೆ, ಇದು ಹುಡುಗನದಾಗಬಾರದಿತ್ತಾ ಅಂತ. ಯಾರೂ ಇಲ್ಲ ಅಂದುಕೊಂಡು ನಲ್ಲಿ ಹತ್ತಿರ ನಿಂತು ಅದನ್ನು ಬಾಯಿಬಿಟ್ಟೇ ಅಂದೆ. ತಿರುಗಿದರೆ ನೀನು ಟವೆಲ್ ಹಿಡಿದು ನಿಂತಿದ್ದೆ. ಟವೆಲ್ ಕೊಟ್ಟು ಒಳಗೆ ಹೋದೆ. ಕೇಳಿಸಿತಾ ಮಗಳೇ ನಿನಗೆ? ಕೇಳಿಸಿದ್ದರೆ ನಿಮ್ಮಮ್ಮನದೇನೂ ತಪ್ಪಿಲ್ಲ. ನಿನ್ನನ್ನು ನಿಲ್ಲಿಸಿದವನು ನಾನು.