ಸೋಮವಾರದ ಸಾಕ್ಷಿ

ಕುಮಾರಸ್ವಾಮಿ ಲೇಔಟ್
ಶುಕ್ರವಾರ

ಕೆಂಪರಾಜು ಅವರಿಗೆ ನಮಸ್ಕಾರ.

ನಿನ್ನೆ ನಿಮ್ಮ ಮನೆಯವರು ಬಂದಿದ್ದರು. ಬಾಗಿಲಲ್ಲೇ ನಿಂತು, "ಅಂಕಲ್, ನಮ್ಮವ್ರು ಸೋಮವಾರ ಕೋರ್ಟಲ್ಲಿ 'ನಾನೇನೂ ನೋಡಿಲ್ಲ' ಅಂತ ಹೇಳ್ತಾರೆ. ಬೇಜಾರು ಮಾಡ್ಕೋಬೇಡಿ. ಆ ಕಡೆ ಹುಡುಗರು ದಿನಾ ಅಂಗಡಿ ಮುಂದೆ ಬಂದು ನಿಲ್ತಾರೆ" ಅಂದರು. "ಕೂತ್ಕೋಮ್ಮ, ಕಾಫಿ ಕುಡಿದು ಹೋಗು" ಅಂದೆ. ಕೂರಲಿಲ್ಲ.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ತಲಘಟ್ಟಪುರದ ಆಚೆ ಇಟ್ಟಿಗೆ ಗೂಡಿನಲ್ಲಿ ಜೀತಕ್ಕಿದ್ದವರನ್ನು ನನ್ನ ಮಗಳು ಶಿಲ್ಪಶ್ರೀ ಬಿಡಿಸಿದಳು. ಅದಕ್ಕೇ ಗೂಡಿನ ಮಾಲೀಕನ ಕಡೆಯವರು ನಿಮ್ಮ ಅಂಗಡಿ ಎದುರು ಅವಳನ್ನು ಕೊಚ್ಚಿ ಹಾಕಿದರು. ಬೇರೆಯವರೆಲ್ಲ ಶಟರ್ ಎಳೆದುಕೊಂಡಾಗ ನೀವೊಬ್ಬರೇ ಓಡಿಬಂದು ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಿರಿ. ಅವಳು ಉಳಿಯಲಿಲ್ಲ. ಹೊಡೆದವರು ಯಾರು ಅಂತ ನೀವು ಪೊಲೀಸರಿಗೂ ಹೇಳಿದಿರಿ.

ಕೋರ್ಟಿಗೆ ಅಲೆದು ಅಲೆದು ನನಗೂ ಸಾಕಾಗಿದೆ. ಪ್ರತಿ ಸಲ ವಾಯಿದೆ ಮುಗಿಸಿ ಬನಶಂಕರಿಯಲ್ಲಿ ಬಸ್ಸಿಳಿದರೆ ಮನೆಗೆ ನಡೆಯಲು ಕಾಲೇ ಬರುವುದಿಲ್ಲ. ಏನಾಯ್ತು ಅಂತ ನನ್ನ ಹೆಂಡತಿ ಈಗೀಗ ಕೇಳುವುದನ್ನೂ ಬಿಟ್ಟಿದ್ದಾಳೆ.

ನನ್ನದು ಒಂದೇ ಕೋರಿಕೆ. ಸೋಮವಾರ ಕಟಕಟೆಯಲ್ಲಿ ನಿಂತಾಗ ನೋಡಿಲ್ಲ ಅನ್ನಬೇಡಿ. 'ನನ್ನನ್ನು ಹೆದರಿಸಿದ್ದಾರೆ, ಹೇಳೋಕೆ ಭಯ ಆಗ್ತಿದೆ' ಅಂತಲೇ ಜಡ್ಜ್ ಮುಂದೆ ಹೇಳಿ. ಅದು ಸುಳ್ಳಲ್ಲವಲ್ಲ. ಹಾಗೆ ಹೇಳಿದರೆ ನಿಮಗೆ ರಕ್ಷಣೆ ಕೊಡಿ ಅಂತ ಕೋರ್ಟನ್ನು ಕೇಳಬಹುದು ಎಂದು ನಮ್ಮ ವಕೀಲರು ಅಂದಿದ್ದಾರೆ.

ಅದೂ ಆಗದಿದ್ದರೆ, ನಾನು ಎದುರಿಗೆ ಕೂತಿರುವಾಗ ಸುಳ್ಳು ಹೇಳೋದು ನಿಮಗೆ ಕಷ್ಟವಾಗಬಹುದು. ಒಂದು ಫೋನ್ ಮಾಡಿ. ನೀವು ಮುಗಿಸಿ ಬರುವ ತನಕ ನಾನು ಹೊರಗೆ ಕೂತಿರುತ್ತೇನೆ.

ಶಿಲ್ಪಶ್ರೀಯ ತಂದೆ,
ಕರಿಬಸವಯ್ಯ